ಕುದಿಸಿ ಆರಿಸಿದ ನೀರು

"ಚಿಪ್ಪು ನೋಡಿ ಏನೂ ಹೇಳಲಿಕ್ಕಾಗುವುದಿಲ್ಲ, ದೇಹ ಬೇಕು," ಎಂದು ಪುಣೆಯ ತಜ್ಞರು ಫೋನ್ ಇಟ್ಟುಬಿಟ್ಟರು. ಅನಘಾ ಅಡಿಗೆಮನೆಗೆ ಹೋಗಿ ನೀರು ಕುದಿಸಿ ಆರಲಿಕ್ಕೆ ಇಟ್ಟಳು.

ಬಸವನಹುಳು ಅಂಗೈಯಲ್ಲಿ ಹರಳಿನ ಹಾಗೆ ಕೂತಿತ್ತು. ಚಪ್ಪಟೆ ಚಿಪ್ಪು, ಅಂಚಿಗೊಂದು ಕಂದು ಗೆರೆ. ಗಜೇಂದ್ರಗಡದ ಗುಡ್ಡದ ಬಂಡೆಸಂದಿಯಲ್ಲಿ, ಬಾಯಿಗೆ ಕಾಗದದಂಥ ಪರದೆ ಎಳೆದುಕೊಂಡು ಬೇಸಿಗೆ ಕಳೆಯುತ್ತಿದ್ದುದನ್ನು ಬೆಳಿಗ್ಗೆ ಅವಳೇ ಬಿಡಿಸಿ ತಂದಿದ್ದಳು. ಸುತ್ತ ಬಿದ್ದಿದ್ದವೆಲ್ಲ ಖಾಲಿ ಚಿಪ್ಪು. ಜೀವ ಇದ್ದದ್ದು ಇದೊಂದಕ್ಕೇ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಇಷ್ಟು ವರ್ಷ ಬೇರೆಯವರು ಇಟ್ಟ ಹೆಸರುಗಳನ್ನೇ ಬೋರ್ಡಿನ ಮೇಲೆ ಬರೆದದ್ದಾಗಿತ್ತು. ಇದು ಯಾವ ವರ್ಣನೆಗೂ ಹೊಂದುತ್ತಿರಲಿಲ್ಲ. ಹೊಸ ಜಾತಿಯೆಂದು ಸಿದ್ಧವಾದರೆ ಹೆಸರಿಡುವವಳು ಅವಳು.

ಆದರೆ ಹುಳು ಮೈಚಾಚಿಕೊಂಡೇ ಸಾಯಬೇಕು. ಮುದುಡಿದ್ದನ್ನು ಕೊಯ್ದರೆ ಒಳಗಿನ ಅಂಗಗಳು ತಿಳಿಯುವುದಿಲ್ಲ. ಅದಕ್ಕೇ ಕುದಿಸಿ ಗಾಳಿ ಕಳೆದ ಈ ನೀರು. ಬಾಟಲಿ ತುಂಬಿಸಿ ಹುಳು ಬಿಟ್ಟು ಮುಚ್ಚಿದರಾಯಿತು. ಚಿಪ್ಪಿನಿಂದ ತಾನಾಗಿಯೇ ಹೊರಬರುತ್ತದೆ, ಮತ್ತೆ ಒಳಗೆ ಹೋಗುವಷ್ಟು ಉಸಿರು ಉಳಿಯುವುದಿಲ್ಲ.

"ಅದು ಉಪ್ಪಿನಕಾಯಿ ಬಾಟ್ಲಿ ಅಲ್ಲಲ್ಲಾ?" ದೇವರಮನೆಯಿಂದಲೇ ಅತ್ತೆ ಭಾಗೀರಥಿಬಾಯಿ ಕೇಳಿದರು.

"ಕಾಲೇಜಿಂದ್ರಿ."

"ಹೋದ ಸಲ ಜರಿಹುಳ ಹಾಕಿಟ್ಟದ್ದೂ ಕಾಲೇಜಿಂದ ಅಂದಿದ್ದಿ. ಆಮ್ಯಾಲೆ ನಮ್ಮ ತುಪ್ಪದ ಗಿಂಡಿ ಕಾಣವಲ್ದು."

ಅನಘಾ ಹುಳುವನ್ನು ನೀರಿಗೆ ಬಿಟ್ಟು ಮುಚ್ಚಳ ತಿರುವಿದಳು. ಅದು ತಳ ಸೇರಿತು. ಅವಳು ಸ್ಟೂಲು ಎಳೆದುಕೊಂಡು ಕೂತಳು.

ಏನು ಹೆಸರಿಡುವುದು? ತನ್ನದೇ ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಗಂಡನದು? ನಗು ಬಂತು. ಊರಿನದು ಇಡಬಹುದು. ಅದರ ಬೆನ್ನಿಗೆ ಹೆಸರಿಟ್ಟವರ ಮನೆತನದ ಅಡ್ಡಹೆಸರು ಬರುತ್ತದೆ. ತೌರಿನದೋ, ಈ ಮನೆಯದೋ? ಎರಡನ್ನೂ ಮನಸ್ಸಿನಲ್ಲೇ ಬರೆದು ನೋಡಿದಳು. ಎರಡೂ ಯಾರದೋ ಅನ್ನಿಸಿದವು.

ಭಾಗೀರಥಿಬಾಯಿ ಬಂದು ಪಕ್ಕದಲ್ಲಿ ನಿಂತದ್ದು ತಿಳಿಯಲಿಲ್ಲ.

"ಗಂಡೋ, ಹೆಣ್ಣೋ?"

"ಎರಡೂ ಹೌದ್ರಿ."

"ಛಲೋ ಆತು. ಯಾರನೂ ಕೇಳೂದ ಬ್ಯಾಡ."

ಅನಘಾ ತಡೆಯಲಾರದೆ ನಕ್ಕಳು. ಅತ್ತೆಯೂ ನಕ್ಕರು. ಇಬ್ಬರೂ ಕೂಡಿ ನಕ್ಕದ್ದು ಯಾವಾಗ ಎಂದು ಹುಡುಕಿದರೆ ನೆನಪಿಗೆ ಏನೂ ಸಿಗಲಿಲ್ಲ.

ಅಷ್ಟರಲ್ಲಿ ಪರದೆ ಹರಿಯಿತು. ಒಂದು ಬೂದು ಅಂಚು, ಆಮೇಲೆ ಪಾದ, ಆಮೇಲೆ ಒಂದೊಂದಾಗಿ ಕೊಂಬು.

"ಕೃಷ್ಣಾ! ಎದ್ದ ಬಂತಲ್ಲ!" ಅತ್ತೆಯ ಕೈ ಅವಳ ಬೆನ್ನ ಮೇಲೆ ಬಂತು. "ನೀರಡಿಸಿ ಒಣಗಿತ್ತ ನೋಡು, ಪಾಪ. ನೀ ಜೀವಾ ಕೊಟ್ಟಿ. ನಾ ನಿನ್ನ ಭಾಳ ಕಲ್ಲಮನಸಿನಾಕಿ ಅಂತ ತಿಳಕೊಂಡಿದ್ದೆ."

"ಹಾಂಗೇನಿಲ್ರಿ."

"ಕುಡದದ್ದ ಸಾಕು. ಮುಚ್ಚಳ ತಗಿ, ಅಡ್ಡಾಡಲಿ."

"ತಗೀತೀನ್ರಿ. ಇನ್ನೊಂದ ಸ್ವಲ್ಪ."

ಹುಳು ಗಾಜು ಹತ್ತಿ ಮುಚ್ಚಳದ ಒಳಮೈ ಸೇರಿತು. ಎಷ್ಟು ಬೇಕಿತ್ತೋ ಅಷ್ಟೂ ಚಾಚಿಕೊಂಡಿತ್ತು. ಅನಘಾಳ ಕೈ ಮುಚ್ಚಳದ ಮೇಲಿತ್ತು, ತಿರುವದೆ. ಬೆನ್ನ ಮೇಲಿನ ಕೈ ಇನ್ನೂ ಬೆಚ್ಚಗಿತ್ತು. ಬೆರಳುಗಳ ಕೆಳಗೆ ಎರಡು ಕೊಂಬು ಅಂಚು ತಡಕುತ್ತ ಒಂದು ಸುತ್ತು ಮುಗಿಸಿದವು. ಅರೆಗಳಿಗೆ ನಿಂತು, ಮತ್ತೆ ಮೊದಲಿನಿಂದ ತಡಕತೊಡಗಿದವು.