ಹನ್ನೊಂದನೇ ಪಾಠ

“ಸರ್ಟಿಫಿಕೇಟು ನೆನೆದೋದಾತು, ಆ ಕಟ್ಟೆ ಮ್ಯಾಲಿಟ್ಟು ಇಳೀಲಾ ಬೋಳೀಮಗ್ನೆ!”

“ಲ್ಯಾಮಿನೇಷನ್ ಮಾಡ್ಸಿವ್ನಿ ಬುದ್ಧಿ, ನೆನೆಯಾಕಿಲ್ಲ,” ಎಂದ ನಂಜಪ್ಪ.

ಕೊಬ್ಬರಿ ಮಂಡಿಯ ದೇವೀರಪ್ಪನವರಿಗೆ ಪಿತ್ತ ನೆತ್ತಿಗೇರಿತು. ಅರಸೀಕೆರೆಯಲ್ಲಿ ಅವರದೊಂದು ಕಲ್ಯಾಣಮಂಟಪ. ನಾಳೆ ಧಾರೆ, ಸಂಜೆಗೇ ಬೀಗರು ಬಂದಿಳಿಯುತ್ತಾರೆ. ಇತ್ತ ಹಿತ್ತಲಿನ ಕಕ್ಕಸುಗುಂಡಿ ತುಂಬಿ ಅಡುಗೆಮನೆ ಬಾಗಿಲವರೆಗೂ ಹರಿಯುತ್ತಿತ್ತು. ವರ್ಷಕ್ಕೆರಡು ಸಲ ಆ ಗುಂಡಿಗೆ ಇಳಿಯುತ್ತಿದ್ದವರು ನಂಜಪ್ಪ ಮತ್ತು ಅವನ ಸೋದರಮಾವ ಹುಚ್ಚಣ್ಣ.

ಮೂರು ವರ್ಷದ ಹಿಂದೆ ಇದೇ ಹಿತ್ತಲಲ್ಲಿ ಮೈ ತೊಳೆಯುತ್ತಾ ನಂಜಪ್ಪ ಬಾಯಿಬಿಟ್ಟು ಕೇಳಿದ್ದ.

“ಬುದ್ಧಿ, ನಾನು ಎಸ್ಸೆಸ್ಸೆಲ್ಸಿ ಪಾಸಾಗಿವ್ನಿ. ಇದ ಬಿಟ್ಟು ಬ್ಯಾರೆ ಏನಾರ ಕೆಲ್ಸ ಕೊಡಿ.”

“ಅದ್ಕೆಲ್ಲ ಡಿಪ್ಲೊಮಾ ಬೇಕು ಕಣ್ಲಾ. ತಗಂಬಾ, ಸೂಪರ್‌ವೈಸರ್ ಮಾಡ್ತೀನಿ,” ಎಂದು ದೇವೀರಪ್ಪನವರು ನಕ್ಕಿದ್ದರು. ಸುತ್ತ ನಿಂತವರೂ ನಕ್ಕಿದ್ದರು.

ಪುಣ್ಯಾತ್ಮ, ಅದನ್ನು ಮಾತು ಕೊಟ್ಟರು ಅಂತಲೇ ತಿಳಿದುಬಿಟ್ಟ! ಬೆಂಗಳೂರಿನ ಅದ್ಯಾವುದೋ ಅಂಚೆ ಕಾಲೇಜಿಗೆ ಅರ್ಜಿ ಹಾಕಿ ನೈರ್ಮಲ್ಯದ ಡಿಪ್ಲೊಮಾಕ್ಕೆ ಸೇರಿದ. ಪಾಠ ಪೋಸ್ಟಿನಲ್ಲಿ ಬರುತ್ತಿತ್ತು. ಮೇಷ್ಟರಿಲ್ಲ, ಜೊತೆಗೆ ಓದುವ ಇನ್ನೊಬ್ಬನಿಲ್ಲ. ತಿಳಿಯದಿದ್ದರೆ ಗೋಡೆಯನ್ನೇ ಕೇಳಬೇಕು. ಕೇರಿಯವರು “ಏನ್ಲಾ ಇನ್ಸ್‌ಪೆಕ್ಟ್ರೇ” ಎಂದು ಆಡಿಕೊಂಡರು, ಬರಬರುತ್ತಾ ಇಸ್ಪೀಟಿಗೂ ಕರೆಯುವುದನ್ನು ಬಿಟ್ಟರು. ಪಾಸಾದ ದಿನ ಆ ಹಾಳೆಯನ್ನು ಯಾರಿಗೆ ತೋರಿಸಬೇಕೋ ಹೊಳೆಯದೆ, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬನೇ ಕೂತು ಮೂರು ಸಲ ಓದಿಕೊಂಡ. ಅಷ್ಟು ದೊಡ್ಡ ಊರಿನಲ್ಲಿ ತನಗೆ ಯಾರೂ ಇಲ್ಲ ಅನ್ನಿಸಿ ಅಳು ಬಂದಿತ್ತು.

ಇವತ್ತು ಕರೆ ಬಂದಾಗ ಇಸ್ತ್ರಿ ಅಂಗಿ ತೊಟ್ಟು ಬಂದ. ಕೈಗೆ ಕೊಟ್ಟಿದ್ದು ಬಕೀಟು.

“ಚಪ್ಪಡಿ ತೆಗ್ದು ಒಂದಿನ ಹಂಗೇ ಬಿಡ್ಬೇಕು ಬುದ್ಧಿ. ಒಳ್ಗೆ ವಿಷದ ಗಾಳಿ ಐತೆ. ಮನ್ಸರನ್ನ ಇಳಿಸ್ಲೇಬಾರ್ದು, ಮಿಷನ್ ತರಿಸ್ಬೇಕು ಅಂತ ಹನ್ನೊಂದ್ನೇ ಪಾಠದಾಗೆ ಬರ್ದವ್ರೆ.”

“ನಿಮ್ಮಪ್ಪ ಯಾವ ಮಿಷನ್ ತಂದಿದ್ನಲಾ?”

“ನಮ್ಮಪ್ಪ ಇಂಥ ಗುಂಡೀಲೇ ಸತ್ತ ಬುದ್ಧಿ. ಕುಡ್ದು ಬಿದ್ದ ಅಂದ್ರಿ ಎಲ್ಲಾರೂವೆ. ನಾನೂ ಹಂಗೇ ಅಂದ್ಕಂಡಿದ್ದೆ. ಆ ಪಾಠ ಓದಿದ್ ದಿವ್ಸ ಗೊತ್ತಾಯ್ತು, ಅವ್ನು ಕುಡ್ದಿರ್ಲಿಲ್ಲ.”

ದೇವೀರಪ್ಪನವರು ಪಕ್ಕದಲ್ಲಿದ್ದ ಹುಚ್ಚಣ್ಣನ ಕಡೆ ತಿರುಗಿದರು. “ಪೋಸ್ಟಲ್ಲಿ ಬಂದಿದ್ ಕಾಗ್ದ ಹಿಡ್ಕಂಡು ಕುಣೀತಾನೆ ಸೂಳೇಮಗ. ನೀನಾರ ಇಳೀತೀಯೇನ್ಲಾ? ಬಾಟ್ಲು ಕೊಡಿಸ್ತೀನಿ.”

ಹುಚ್ಚಣ್ಣ ಆಗಲೇ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ನಂಜಪ್ಪ ಅವನ ಕೈ ಹಿಡಿದ. “ಬ್ಯಾಡ ಕಣ್ ಮಾವ, ಸಾಯ್ತೀಯ.”

“ಬಿಡ್ಲಾ ಕೈಯ! ನೀನು ಓದ್ದೋನು, ನಿಂಗೆ ಗೇಮೆ ಬ್ಯಾಡ. ನನ್ನ ಅನ್ನಕ್ಕೆ ಯಾಕ್ಲಾ ಮಣ್ಣಾಕ್ತೀಯ?” ಎಂದವನೇ ಹುಚ್ಚಣ್ಣ ಕ್ಯಾಕರಿಸಿ ಉಗಿದ. ಉಗುಳು ಇಸ್ತ್ರಿ ಅಂಗಿಯ ಮೇಲೆ ಬಿತ್ತು.

ದೇವೀರಪ್ಪನವರ ಬೈಗುಳಕ್ಕೂ ನಂಜಪ್ಪನಿಗೆ ಇಷ್ಟು ಸಂಕಟವಾಗಿರಲಿಲ್ಲ. ಕಣ್ಣೊರೆಸಿಕೊಂಡು ಹಾರೆ ಎತ್ತಿಕೊಂಡ. ಸಂದಿಗೆ ಮೀಟಿ ಚಪ್ಪಡಿಯನ್ನು ಪಕ್ಕಕ್ಕೆ ಕೆಡವಿದ. ನಾತ ಗಪ್ಪೆಂದು ಮಂಟಪದೊಳಕ್ಕೆ ನುಗ್ಗಿತು, ಅಡುಗೆಯವರು ಸೌಟು ಬಿಸಾಕಿ ಬೀದಿಗೆ ಓಡಿದರು. ನಂಜಪ್ಪ ಹಾರೆ ಅಡ್ಡ ಹಿಡಿದು ಗುಂಡಿಯ ಮುಂದೆ ನಿಂತ.

“ಸೂಪರ್‌ವೈಸರ್ ಹೇಳ್ತಾವ್ನೆ ಕೇಳ್ರಿ! ಮಿಷನ್ ಬರಾ ಗಂಟ ಯಾವ್ ನನ್ಮಗ್ನೂ ಇದ್ಕೆ ಇಳಿಯಂಗಿಲ್ಲ!”

“ಪೊಲೀಸ್ ಕರೀರೋ,” ಎಂದು ಕೂಗುತ್ತಾ ದೇವೀರಪ್ಪನವರು ಮೂಗು ಮುಚ್ಚಿಕೊಂಡು ಒಳಗೋಡಿದರು. ಹಿತ್ತಲಲ್ಲಿ ಇಬ್ಬರೇ ಉಳಿದರು.

ನಾಲ್ಕು ಮಾರು ದೂರದಲ್ಲಿ ಹುಚ್ಚಣ್ಣ ಕುಕ್ಕರುಗಾಲಲ್ಲಿ ಕೂತ. ಸೊಂಟದ ಹಗ್ಗ ಬಿಚ್ಚಲಿಲ್ಲ. ಅಳಿಯನ ಕೈ ಸೋಲುವುದನ್ನೇ ಕಾಯುತ್ತಿದ್ದ.