ಕಡ್ಡಾಯಪ್ಪನವರ ಖಾಲಿ ಅಂಕಣ

ಖಾಲಿ ಬಿಟ್ಟ ಜಾಗ ಕಂಡರೆ ಅವರ ಬಲಗೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಗುತ್ತಿತ್ತು. ಬ್ಯಾಂಕಿನ ಚೀಟಿಯಾಗಲಿ, ಗ್ರಂಥಾಲಯದ ಕಾರ್ಡಾಗಲಿ, ಬರೆಯಲು ಏನೂ ಇಲ್ಲದ ಕಡೆ ಒಂದು ಅಡ್ಡಗೆರೆ ಎಳೆದೇ ಮುಂದಿನ ಮಾತು. ಕಂಪನಿಗಳ ಕಂಪ್ಯೂಟರುಗಳು ಸರ್ಕಾರದ ಕಂಪ್ಯೂಟರಿಗೆ ಯಾವ ಮಾಹಿತಿಯನ್ನು ಯಾವ ಕ್ರಮದಲ್ಲಿ ಕಳಿಸಬೇಕೆಂಬ ಮಾನಕವನ್ನು ಬರೆಯುವುದು ಅವರ ಉದ್ಯೋಗ. ಅವರ ಕರಡಿನಲ್ಲಿ ಪ್ರತಿ ಅಂಕಣದ ಎದುರಿಗೂ 'ಕಡ್ಡಾಯ' ಎಂದಿರುತ್ತಿದ್ದುದರಿಂದ ಕಚೇರಿಯವರಿಗೆ ಅವರು ಕಡ್ಡಾಯಪ್ಪ. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ.

ಮೊಣಕೈ ಸವೆದ ಕಂದು ಕೋಟು ತೊಟ್ಟು ಗೋಡೆಯಂಚಿಗೇ ನಡೆಯುತ್ತಿದ್ದರು; ವಾಲಿದ ನಾಮಫಲಕ ಕಂಡರೆ ನಿಂತು, ನೆಟ್ಟಗೆ ಮಾಡಿಯೇ ಮುಂದೆ ಹೋಗುತ್ತಿದ್ದರು. ಬೇಗ ಬನ್ನಿ ಎಂದು ಹೆಂಡತಿ ಹೇಳಿದರೆ, "ಬೇಗ ಅಂದ್ರೆ ಎಷ್ಟು ಗಂಟೆ?" ಎಂಬ ಪ್ರಶ್ನೆ ಸಿದ್ಧ.

"ಗೊತ್ತಿಲ್ಲ ಕಣ್ರೀ! ಈ 'ಗೊತ್ತಿಲ್ಲ' ಅನ್ನೋ ಮಾತು ನಿಮ್ಮ ಬಾಯಲ್ಲಿ ಒಂದ್ಸಲನಾದ್ರೂ ಕೇಳಿ ಸಾಯ್ಬೇಕು ನಾನು," ಎಂದು ಆಕೆ ಗೊಣಗುತ್ತಿದ್ದರು.

ಕೆಲವು ಅಂಕಣಗಳನ್ನಾದರೂ ಖಾಲಿ ಬಿಡಲು ಅವಕಾಶ ಕೊಡಿ ಎಂದು ಕಂಪನಿಗಳವರು ಸಭೆಯಲ್ಲಿ ಅಂಗಲಾಚಿದರು. "ಖಾಲಿ ಬಿಟ್ರೆ ಅದು ಇಲ್ಲ ಅಂತಾನೋ, ಮರೆತ್ರಿ ಅಂತಾನೋ? ಯಂತ್ರಕ್ಕೆ ಹೇಗ್ರೀ ಗೊತ್ತಾಗ್ಬೇಕು?" ಎಂದರು ಕಡ್ಡಾಯಪ್ಪನವರು. ಪ್ರಶ್ನೆ ಸರಿಯಾದದ್ದೇ. ತೊಂದರೆ ಹುಟ್ಟಿದ್ದೂ ಅಲ್ಲಿಂದಲೇ.

ಒಂಬತ್ತು ವರ್ಷ ತಿದ್ದಿದ ಆ ಮಾನಕವನ್ನು ಔಷಧಗಳ ಆಮದಿನಲ್ಲಿ ಪರೀಕ್ಷೆಗೆ ಬಿಟ್ಟರು. ಮೂರನೆಯ ವಾರ, ಬಂದರಿನ ಶೀತಲಗೃಹದಲ್ಲಿ ಹನ್ನೆರಡು ಪೆಟ್ಟಿಗೆ ಲಸಿಕೆ ಹೆಪ್ಪುಗಟ್ಟಿ ಹಾಳಾಯಿತು. ಎಷ್ಟು ಡಿಗ್ರಿ ತಂಪಿನಲ್ಲಿಡಬೇಕೆಂಬ ಅಂಕಣದಲ್ಲಿ ಕಂಪನಿಯ ಗುಮಾಸ್ತೆ ಸೊನ್ನೆ ಹಾಕಿದ್ದಳು. ಶೀತಲಗೃಹ ಅದನ್ನು ಚಾಚೂ ತಪ್ಪದೆ ಪಾಲಿಸಿತ್ತು. ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಸಿದ್ಧವಾಯಿತು. ಮಾನಕದಲ್ಲಿ ದೋಷವಿಲ್ಲವೆಂದು ಕಡ್ಡಾಯಪ್ಪನವರು ಒಂದು ಸಾಲು ಬರೆದುಕೊಟ್ಟಿದ್ದರೆ ಸಾಕಿತ್ತು. ಬರೆಯುವ ಮೊದಲು ಅವಳನ್ನು ಕರೆಸಿದರು.

"ತಯಾರಕರ ಕಾಗದ ಇನ್ನೂ ಬಂದಿರ್ಲಿಲ್ಲ ಸಾರ್. ಖಾಲಿ ಬಿಟ್ರೆ ಕಳಿಸೋಕೇ ಆಗ್ತಿರ್ಲಿಲ್ಲ."

"ಗೊತ್ತಿಲ್ಲ ಅಂತ ಹೇಳ್ಬಹುದಿತ್ತಲ್ಲಮ್ಮ?"

"ಎಲ್ಲಿ ಹೇಳ್ಲಿ ಸಾರ್? ಅದಕ್ಕೆ ನೀವು ಜಾಗಾನೇ ಇಟ್ಟಿರ್ಲಿಲ್ಲ."

ಅವರು ಆ ನಮೂನೆಯನ್ನು ಪರದೆಯ ಮೇಲೆ ತೆರೆದು, ಆ ಅಂಕಣ ಬಿಟ್ಟು ಉಳಿದದ್ದೆಲ್ಲ ತುಂಬಿ, ಕಳಿಸಲು ನೋಡಿದರು. 'ಈ ಅಂಕಣ ಕಡ್ಡಾಯ' ಎಂದು ಕೆಂಪಕ್ಷರ ಮೂಡಿತು. ಎರಡನೆಯ ಸಲವೂ ಅದೇ. ವರದಿಯಲ್ಲಿ ಬರೆದರು: "ದೋಷ ಮಾನಕದ್ದು. ಬರೆದವನು ನಾನು."

ಗುಮಾಸ್ತೆಯ ಕೆಲಸ ಉಳಿಯಿತು. ಮಾನಕ ಬೇರೆಯವರ ಮೇಜಿಗೆ ಹೋಯಿತು. ಆ ಸಂಜೆ ಹೆಂಡತಿ, ಮುಂದೇನು ಮಾಡ್ತೀರಿ ಎಂದು ಕೇಳಿದಾಗ, ಕೋಟು ಬಿಚ್ಚುತ್ತಾ, "ಗೊತ್ತಿಲ್ಲ," ಎಂದರು. ಆಕೆ ಸೌಟು ಕೆಳಗಿಟ್ಟು ಒಂದು ಗಳಿಗೆ ಅವರನ್ನೇ ನೋಡಿದರು.

ಲೋಕವನ್ನು ಅಂಕಣಗಳಲ್ಲಿ ಕೂರಿಸುವ ಜನ ನಮಗೆ ಬೇಕು. ಅವರಿಲ್ಲದೆ ಔಷಧವೂ ಬಂದರು ದಾಟದು. ಆದರೆ ಉತ್ತರವನ್ನು ಕಡ್ಡಾಯ ಮಾಡುವವರು ಅಜ್ಞಾನಕ್ಕೂ ಒಂದು ಗೌರವದ ಜಾಗ ಬಿಡದಿದ್ದರೆ, ಪ್ರಾಮಾಣಿಕರ ಕೈಯಿಂದಲೇ ಸುಳ್ಳು ಬರೆಸುತ್ತಾರೆ. ಇದನ್ನು ಅರಿತವರು ಆ ಪಂಗಡದಲ್ಲಿ ವಿರಳ. ಅರಿತದ್ದನ್ನು ಸಹಿ ಹಾಕಿ ಒಪ್ಪಿಕೊಂಡವರು ಇನ್ನೂ ವಿರಳ.