ಸೋಫಾಕ್ಕೊಂದು ರೂಮು

"ಒಂದ್ಸಲ ಮಲಗಿ ನೋಡಿ ಅತ್ತೆ" ಅಂದಳು ಸೊಸೆ, ಅಂಗಡಿ ತುಂಬ ಜನ ಇರುವಾಗ.

ಅತ್ತೆ ಮಲಗಲಿಲ್ಲ. ಕೈಚೀಲವನ್ನು ಎದೆಗೆ ಅವಚಿಕೊಂಡು ಆ ಸೋಫಾವನ್ನು ದುರುಗುಟ್ಟಿ ನೋಡಿದಳು. ಬೂದು ಬಣ್ಣದ್ದು, ಕಡ್ಡಿ ಕಾಲಿನದು. ಅಂಗಡಿ ಅಂದರೆ ಅದೇನು ಅಂಗಡಿಯೇ, ಗೋಡೌನು. ನೆಲದ ಮೇಲೆ ಬಾಣದ ಗುರುತು ಹಾಕಿ, ಹೀಗೇ ಹೋಗಿ ಹೀಗೇ ಬನ್ನಿ ಅಂತ ಜನರನ್ನು ಕುರಿಮಂದೆ ಹಾಗೆ ಅಟ್ಟುತ್ತಾರೆ. ಅಗ್ಗ ಅಂತ ಬಾಯಿ ಬಿಟ್ಟುಕೊಂಡು ಹೋದರೆ ಕೈಗೆ ಕೊಡುವುದು ನಾಲ್ಕು ರಟ್ಟಿನ ಪೆಟ್ಟಿಗೆ, ಒಂದು ಹಿಡಿ ಸ್ಕ್ರೂ. ಮನೆಗೆ ಒಯ್ದು ಜೋಡಿಸಿಕೊಳ್ಳುವ ಕರ್ಮ ತಗೊಂಡವರದ್ದು.

ಕೊರಳಿಗೆ ಟೈ ಬಿಗಿದ ಮಾರಾಟದವನು ಓಡಿ ಬಂದು ಸೀಟಿನ ಕೆಳಗಿನ ಪಟ್ಟಿ ಹಿಡಿದು ಎಳೆದ. ಸೋಫಾ ಬಾಯಿ ತೆರೆದು ಹಾಸಿಗೆ ಆಯಿತು.

"ಹಗಲು ಸೋಫಾ, ರಾತ್ರಿ ಬೆಡ್ಡು. ಹಾಲ್‌ನಲ್ಲಿ ಮಲಗೋರಿಗೆ ಹೇಳಿ ಮಾಡ್ಸಿದ ಹಾಗಿದೆ ಮೇಡಂ."

"ನಮ್ಮನೆ ಹಾಲ್‌ನಲ್ಲಿ ಯಾರು ಮಲಗ್ತಾರೆ?" ಅಂತ ಕೇಳಿದಳು ಅತ್ತೆ.

ಮಗನಿಗೆ ತಕ್ಷಣ ಪಕ್ಕದಲ್ಲಿದ್ದ ಟೇಬಲ್ ಲ್ಯಾಂಪಿನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಬಗ್ಗಿ ಅದರ ಸ್ವಿಚ್ಚು ಹಾಕುವುದು, ಆರಿಸುವುದು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡಸು, ಯಾವ ಕಾಯಿಲೆಗೆ ಯಾವ ಮಾತ್ರೆ ಅಂತ ಪಟಪಟ ಹೇಳುತ್ತಾನೆ, ಹೆಂಡತಿ ಅಮ್ಮ ಎದುರುಬದುರು ನಿಂತರೆ ಮಾತ್ರ ಬಾಯಿಗೆ ಬೀಗ.

ಸೊಸೆಯೇ ಹೇಳಿದಳು. ಅವಳು ಯಾರದೋ ಬ್ಯೂಟಿ ಪಾರ್ಲರಿನಲ್ಲಿ ದುಡಿಯುತ್ತಿದ್ದಳು. ಇನ್ನು ಮೇಲೆ ಮನೆಯಲ್ಲೇ ಸ್ವಂತ ಪಾರ್ಲರು. ಅದಕ್ಕೆ ಅತ್ತೆಯ ಚಿಕ್ಕ ರೂಮು ಬೇಕು. ಅತ್ತೆ ರಾತ್ರಿ ಹಾಲ್‌ನಲ್ಲಿ ಈ ಸೋಫಾದ ಮೇಲೆ ಮಲಗಿದರಾಯಿತು, ಮೆತ್ತಗಿದೆ, ಬೆನ್ನಿಗೂ ಒಳ್ಳೆಯದು.

"ಹೆಂಗಸರು ಬರ್ತಾರಲ್ವಾ ಅತ್ತೆ. ಬಾಗಿಲಿರೋ ರೂಮೇ ಆಗ್ಬೇಕು."

"ನಂಗೂ ಬಾಗಿಲಿರೋ ರೂಮೇ ಆಗ್ಬೇಕು."

"ಬಾಗಿಲು ಹಾಕ್ಕೊಂಡು ಒಳಗೆ ನೀವೇನ್ ಮಾಡ್ತೀರಾ?" ಅಂದಳು ಸೊಸೆ, ನಕ್ಕು. ಮಾರಾಟದವನೂ ಹಲ್ಲು ಕಿರಿದ.

ಮೈಯೆಲ್ಲಾ ಉರಿದು ಹೋಯಿತು ಅತ್ತೆಗೆ. ಆದರೆ ಉತ್ತರ ಬಾಯಿಗೆ ಬರಲಿಲ್ಲ. ಅವಳ ಕತೆ ಗೊತ್ತಿಲ್ಲದವರಿಗೆ ಅದು ಹೇಳಿದರೂ ಅರ್ಥವಾಗುವ ಮಾತಲ್ಲ. ಆಯಸ್ಸೆಲ್ಲ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯಾದರೂ ಓಣಿಯವರ ಬಾಯಲ್ಲಿ ಕಂಡಕ್ಟರಮ್ಮನೇ. ಆ ನೂಕುನುಗ್ಗಲಲ್ಲಿ ಯಾರದೋ ಮೊಣಕೈ ಪಕ್ಕೆಗೆ, ಯಾರದೋ ಚೀಲ ಮುಖಕ್ಕೆ, ಯಾರದೋ ಬೆವರು ತನ್ನ ತೋಳಿಗೆ. ಗೊತ್ತಿಲ್ಲದೆ ತಾಗಿದವರಿದ್ದರು, ಗೊತ್ತಿದ್ದೇ ತಾಗಿದವರೂ ಇದ್ದರು. ಎಲ್ಲವನ್ನೂ ನುಂಗಿಕೊಂಡು ಮುಂದೆ ಹೋಗಿ ಮುಂದೆ ಹೋಗಿ ಅಂತ ಗಂಟಲು ಹರಿದುಕೊಂಡವಳು ಒಂದೇ ಒಂದು ಆಸೆ ಇಟ್ಟುಕೊಂಡಿದ್ದಳು: ಕೊನೆಗಾಲದಲ್ಲಿ ಯಾರೂ ಮೈಗೆ ತಾಗದ ಒಂದು ಜಾಗ.

ಈ ಮನೆಗೆ ಬಂದಾಗ ಆ ಚಿಕ್ಕ ರೂಮಿನ ಬಾಗಿಲಿಗೆ ಒಳಗಡೆ ಚಿಲಕವೇ ಇರಲಿಲ್ಲ. ಹಾಕಿಸಿಕೊಡ್ತೀನಮ್ಮ ಅಂದ ಮಗ ಹಾಗೇ ಅನ್ನುತ್ತಾ ಉಳಿದ. ಅವಳೇ ಹೋಗಿ ಒಂದು ಹಿತ್ತಾಳೆ ಚಿಲಕ ತಂದು, ತಾನೇ ಸ್ಕ್ರೂ ತಿರುವಿ ಕೂರಿಸಿದಳು. ಬರುವವರು ತಟ್ಟಿ ಬರಬೇಕು ಅನ್ನುವುದೊಂದೇ ಅವಳ ಕಾನೂನು. ಸೊಸೆ ಒಂದು ದಿನವೂ ತಟ್ಟಿದವಳಲ್ಲ. ನೇರ ನೂಕುತ್ತಿದ್ದಳು, ಚಿಲಕ ಹಾಕಿದ್ದರೆ ಬಾಗಿಲನ್ನು ಗಡಗಡ ಅಲ್ಲಾಡಿಸಿ, "ನಮ್ಮನೇಲಿ ನಾವೇ ತಟ್ಟಬೇಕಾ, ಇದೇನು ಆಫೀಸಾ?" ಅಂತ ಮೂಗು ಮುರಿಯುತ್ತಿದ್ದಳು. ಅತ್ತೆ ಸೊಸೆಯರ ಎಣ್ಣೆ ಸೀಗೇಕಾಯಿ ಸಂಬಂಧಕ್ಕೆ ಆ ಚಿಲಕವೇ ಮೂಲ ಅಂದರೂ ತಪ್ಪಿಲ್ಲ.

"ಏನೋ ಇದು?" ಅಂತ ಮಗನನ್ನು ಕೇಳಿದಳು.

"ಬರೀ ಮಲಗೋಕೆ ತಾನೇ ಅಮ್ಮ" ಅಂದ ಅವನು, ಲ್ಯಾಂಪಿಗೆ.

ಪೆಟ್ಟಿಗೆಗಳು ಮನೆಗೆ ಬಂದ ದಿನ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊಟದ ಮೇಜು, ಫ್ರಿಜ್ಜು, ಟಿವಿ, ಚಪ್ಪಲಿ ಗೂಡು, ಇವುಗಳ ನಡುವೆ ಮಗ ಪೆಟ್ಟಿಗೆ ಹೊತ್ತುಕೊಂಡು ದಿಕ್ಕು ತೋಚದೆ ನಿಂತಿದ್ದ. ಕಂಡಕ್ಟರಮ್ಮ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದಳು, ತನ್ನ ರೂಮಿನ ಬಾಗಿಲು ನೋಡಿದಳು. ಯಾವ ಮೂಟೆ ಬಸ್ಸಿನ ಬಾಗಿಲಲ್ಲಿ ತೂರುತ್ತದೆ, ಯಾವುದು ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನನ್ನ ರೂಮಲ್ಲಿ ಜೋಡ್ಸೋ" ಅಂದಳು ಬೆಣ್ಣೆಯಂಥ ದನಿಯಲ್ಲಿ. "ಮಂಚ ಎತ್ತಿ ಗೋಡೆಗೆ ಒರಗ್ಸಿದ್ರೆ ಬೇಕಾದಷ್ಟು ಜಾಗ ಆಗುತ್ತೆ. ಆಮೇಲೆ ಈಚೆ ತಂದ್ಕೊಂಡ್ರಾಯ್ತು."

ಸೊಸೆ ಅನುಮಾನದಿಂದಲೇ ನೋಡಿದಳು. ಮುದುಕಿಗೆ ಕೊನೆಗೂ ಬುದ್ಧಿ ಬಂತು ಅಂದುಕೊಂಡಳೋ ಏನೋ, ಸುಮ್ಮನಾದಳು.

ಜೋಡಿಸುವ ಸಂಭ್ರಮ ಏನು ಹೇಳಲಿ. ಮಗ ಹಿಂದಿನ ಕಾಲನ್ನು ಮುಂದೆ ಹಾಕಿದ, ಬಿಚ್ಚಿದ, ಬಲಗೈಯನ್ನು ಎಡಕ್ಕೆ ಹಾಕಿದ, ಬಿಚ್ಚಿದ. ಪಕ್ಕದಲ್ಲಿ ನಿಂತ ಹೆಂಡತಿ ಚಿತ್ರ ತೋರಿಸಿ ತೋರಿಸಿ ಅವನ ಜೀವ ತಿಂದಳು. ಕಂಡಕ್ಟರಮ್ಮ ಸ್ಟೂಲಿನ ಮೇಲೆ ಕೂತು ಒಂದೊಂದೇ ಸ್ಕ್ರೂ ಎತ್ತಿ ಎತ್ತಿ ಕೊಟ್ಟಳು, ಎಂಥಾ ಅತ್ತೆ ಅಂತ ನೋಡಿದವರು ಮೆಚ್ಚಬೇಕು. ಆ ಸ್ಕ್ರೂಗಳಿಗೆ ಸಾದಾ ಸ್ಕ್ರೂಡ್ರೈವರ್ ಕೂರುವುದಿಲ್ಲ. ಪೆಟ್ಟಿಗೆಯೊಳಗೇ ಒಂದು ಬಾಗಿದ ಕಬ್ಬಿಣದ ಕೀ ಇಟ್ಟಿರುತ್ತಾರೆ, ಅದರಿಂದಲೇ ತಿರುವಬೇಕು. ಕೆಲಸ ಮುಗಿದು ಮಗ ಬೆವರು ಒರೆಸಿಕೊಳ್ಳಲು ಆ ಕೀ ಕೆಳಗಿಟ್ಟ. ಅದು ಗೋಡೆಯ ಮೊಳೆಗೆ ನೇತುಹಾಕಿದ್ದ ಅವಳ ಹಳೇ ಚರ್ಮದ ಚೀಲ ಸೇರಿತು. ಟಿಕೆಟ್ಟು ಚಿಲ್ಲರೆ ತುಂಬಿರುತ್ತಿದ್ದ ಆ ಚೀಲಕ್ಕೆ ಕೈ ಹಾಕಲು ಮನೆಯಲ್ಲಿ ಇನ್ನೊಬ್ಬರಿಗೆ ಧೈರ್ಯವಿರಲಿಲ್ಲ.

ರೈಟ್, ಅಂದುಕೊಂಡಳು ಕಂಡಕ್ಟರಮ್ಮ ಮನಸ್ಸಿನಲ್ಲೇ.

ಸೋಫಾ ಬಾಗಿಲು ದಾಟಲಿಲ್ಲ. ಉದ್ದಕ್ಕೆ ನೂಕಿದರು, ನೆಟ್ಟಗೆ ನಿಲ್ಲಿಸಿ ನೂಕಿದರು, ಓರೆ ಮಾಡಿ ನೂಕಿದರು. ಚೌಕಟ್ಟಿನ ಬಣ್ಣ ಕಿತ್ತು ಬಂತು, ಮಗನ ಬೆರಳು ಜಜ್ಜಿತು, ಗಂಡ ಹೆಂಡಿರಿಗೆ ಜಗಳ ಹತ್ತಿತು. ಮತ್ತೆ ಬಿಚ್ಚಬೇಕು ಅಂದಾಗ ಕೀ ಇಲ್ಲ. ಮಂಚದ ಹಿಂದೆ, ರಟ್ಟಿನ ಒಳಗೆ ಹುಡುಕಿದರು, ಕೊನೆಗೆ ಕಸದ ಬುಟ್ಟಿಯೂ ಆಯಿತು.

"ಅತ್ತೆ, ನೀವೇನಾದ್ರೂ ನೋಡಿದ್ರಾ?"

"ನಂಗೇನು ಗೊತ್ತಮ್ಮ. ಜೋಡ್ಸಿದೋನು ನಿನ್ನ ಗಂಡ."

ಅಂಥ ಕೀ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅವಳಿಗೂ ಗೊತ್ತು. ಆದರೆ ತಾನು ಹೆತ್ತ ಮಗ ಎಂಥವನು ಅಂತಲೂ ಗೊತ್ತು. ಬಚ್ಚಲಮನೆಯ ಬಲ್ಬು ಹೋಗಿ ಯಾವ ಕಾಲವಾಯಿತೋ, ಮುಂಬಾಗಿಲಿನ ಒಳಚಿಲಕ ಮುರಿದು ಯಾವ ಕಾಲವಾಯಿತೋ, ಇನ್ನೂ ನಾಳೆ ತರ್ತೀನಿ ಅನ್ನುತ್ತಲೇ ಇದ್ದ. ಸೋಫಾ ಇಲ್ಲೇ ಕೂತರೆ ಹಾಲ್‌ನಲ್ಲಿ ಮಲಗುವ ಮಾತಿಲ್ಲ. ಬಾಗಿಲು ತನ್ನದೇ, ಚಿಲಕವೂ ತನ್ನದೇ.

"ನಾಳೆ ಕೀ ತಂದು ಬಿಚ್ತೀನಿ ಬಿಡೇ" ಅಂದ ಮಗ, ಅಮ್ಮನ ಲೆಕ್ಕ ತಪ್ಪಿಸದೆ.

ಸೊಸೆ ಸುಸ್ತಾಗಿ ಸೋಫಾದ ಮೇಲೆ ಕುಸಿದು ಕೂತಳು. ಸ್ವಲ್ಪ ಹೊತ್ತು ಕಿಟಕಿ ನೋಡಿದಳು, ಗೋಡೆ ನೋಡಿದಳು. ಆಮೇಲೆ ಎದ್ದು ಪಟ್ಟಿ ಹಿಡಿದು ಎಳೆದಳು. ಸೋಫಾ ಹಾಸಿಗೆಯಾಯಿತು. ಅದರ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ತನ್ನ ಕೆನ್ನೆ ತಾನೇ ಸವರಿಕೊಂಡಳು.

"ರೀ, ಕೀನೂ ಬೇಡ, ಏನೂ ಬೇಡ" ಅಂದಳು. "ಇದು ಇಲ್ಲೇ ಇರ್ಲಿ. ಫೇಶಿಯಲ್ ಮಾಡೋಕೆ ನಂಗೆ ಹೇಗಿದ್ರೂ ಒಂದು ಬೆಡ್ ಬೇಕಿತ್ತು. ಬಂದೋರು ಕೂತ್ಕೊಳ್ಳೋಕೂ ಆಯ್ತು, ಮಲಗೋಕೂ ಆಯ್ತು. ಅತ್ತೇದು ಮಂಚ ಎತ್ತಿ ಹಾಲ್‌ಗೆ ಹಾಕಿ."

ಕಂಡಕ್ಟರಮ್ಮ ಗೋಡೆಯ ಚೀಲ ನೋಡಿದಳು. ಚೀಲದಲ್ಲಿ ಕೀ ಇದೆ, ತೆಗೆದು ಕೊಡಬಹುದು. ಕೊಟ್ಟರೆ ಕಳ್ಳಿಯಾಗುತ್ತಾಳೆ, ಸೋಫಾ ಹಾಲ್‌ಗೆ ಹೋಗುತ್ತದೆ, ಅದರ ಹಿಂದೆ ಇವಳೂ ಹೋಗಬೇಕು. ಕೊಡದಿದ್ದರೆ ಮಂಚದ ಜೊತೆ ಹೋಗಬೇಕು. ಹೇಗೆ ತಿರುವಿದರೂ ಹಾಲ್‌ಗೇ.

ಮಂಚದ ಒಂದು ತುದಿ ಹಿಡಿದ ಮಗನಿಗೆ ಅವಳು ಅಂದಳು: "ನಿನ್ನ ಹೆತ್ತಿದ್ದಕ್ಕೆ ನಂಗಿವತ್ತು ನಾಚ್ಕೆ ಆಗ್ತಿದೆ ಕಣೋ."

"ಯಾಕಮ್ಮ ಹಾಗೆಲ್ಲ ಅಂತೀಯಾ" ಅಂದ ಮಗ. ಅವನ ಕಣ್ಣಲ್ಲಿ ನೀರು ಬಂತು. ಹಿಡಿದ ಮಂಚವನ್ನು ಮಾತ್ರ ಬಿಡಲಿಲ್ಲ.

ಹಾಲ್ ಅಂದರೆ ಅದು ಬಸ್ ಸ್ಟ್ಯಾಂಡೇ. ಮೊದಲ ರಾತ್ರಿಯೇ ಫ್ರಿಜ್ಜು ಕಿವಿಯ ಪಕ್ಕದಲ್ಲಿ ಗೊರಗುಟ್ಟಿತು. ಬೆಳಗಾದರೆ ಮಗ ಟವೆಲ್ ಸುತ್ತಿಕೊಂಡು ಆಚೆಯಿಂದ ಈಚೆಗೆ, ಸೊಸೆ ಫೋನಿನಲ್ಲಿ ಮಾತಾಡಿಕೊಂಡು ಈಚೆಯಿಂದ ಆಚೆಗೆ. ಪಾರ್ಲರ್ ಶುರುವಾದ ಮೇಲಂತೂ ಕೇಳಬೇಡಿ. ಒಳಗೆ ಒಬ್ಬಳು ಮುಖಕ್ಕೆ ಬಳಿಸಿಕೊಳ್ಳುತ್ತಿದ್ದರೆ ಹೊರಗೆ ಇನ್ನೊಬ್ಬಳು ಕಾಯಬೇಕು, ಕಾಯುವವಳು ಕೂರುವುದೆಲ್ಲಿ? ಒಂದು ಮಧ್ಯಾಹ್ನ ಕಂಡಕ್ಟರಮ್ಮ ಮಲಗಿದ್ದಾಗಲೇ ದಪ್ಪನೆಯ ಹೆಂಗಸೊಬ್ಬಳು ಬಂದು ಮಂಚದ ತುದಿಯಲ್ಲಿ ಧೊಪ್ಪನೆ ಕೂತಳು, ಇವಳ ಪಾದದ ಮೇಲೆ.

"ಸ್ವಲ್ಪ ಆ ಕಡೆ ಸರೀತೀರಾ?" ಅಂದಳು ಆ ಹೆಂಗಸು. ಮೊಣಕೈ ಇವಳ ಮಂಡಿಗೆ ತಾಗಿಸಿಕೊಂಡು ಆರಾಮಾಗಿ ಮೊಬೈಲು ನೋಡತೊಡಗಿದಳು.

ಕಂಡಕ್ಟರಮ್ಮ ಎದ್ದಳು. ಮಂಚದ ಜೊತೆಗೇ ಹಾಲ್‌ಗೆ ಬಂದಿದ್ದ ಚರ್ಮದ ಚೀಲಕ್ಕೆ ಕೈ ಹಾಕಿ ಸ್ಕ್ರೂಡ್ರೈವರ್ ತೆಗೆದಳು. ಬಸ್ಸಿನ ಸೀಟಿನ ಸ್ಕ್ರೂ ಸಡಿಲವಾಗಿ ಪ್ರಯಾಣಿಕರ ಬಟ್ಟೆ ಹರಿದಾಗೆಲ್ಲ ಬೈಗುಳ ತಿನ್ನುತ್ತಿದ್ದುದು ತಾನೇ ಅಂತ ಅಂದಿನಿಂದ ಇಟ್ಟುಕೊಂಡಿದ್ದು. ಚಿಕ್ಕ ರೂಮಿನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ನೂಕಿಕೊಂಡು ಒಳಗೆ ಹೋದಳು, ತಟ್ಟದೆ. ಸೋಫಾದ ಮೇಲೆ ಒಬ್ಬಳು ಮುಖಕ್ಕೆ ಹಸಿರು ಲೇಪ, ಕಣ್ಣಿಗೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿದ್ದಳು.

"ಏನ್ ಮಾಡ್ತಿದೀರಾ ಅತ್ತೆ?" ಅಂದಳು ಸೊಸೆ, ಹಲ್ಲು ಕಚ್ಚಿ, ಗಿರಾಕಿಗೆ ಕೇಳದ ಹಾಗೆ.

"ಚಿಲಕ ಬಿಚ್ತಿದೀನಿ" ಅಂದಳು ಅತ್ತೆ, ಗಿರಾಕಿಗೂ ಕೇಳುವ ಹಾಗೆ. "ರೂಮು ನಿಂದು, ಸೋಫಾನೂ ನಿಂದು. ಚಿಲಕ ನಾನು ತಂದಿದ್ದು."

ಒಂದೊಂದು ಸ್ಕ್ರೂವನ್ನೂ ನಿಧಾನವಾಗಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಸೌತೆಕಾಯಿಯವಳು ಏನಾಯ್ತು ಏನಾಯ್ತು ಅಂತ ಕೇಳುತ್ತಲೇ ಇದ್ದಳು. ರಾತ್ರಿ ಸೊಸೆ ಉಣ್ಣಲಿಲ್ಲ, ಪಾತ್ರೆಗಳನ್ನು ಮಾತ್ರ ಚೆನ್ನಾಗಿ ಕುಕ್ಕಿದಳು. ಕಂಡಕ್ಟರಮ್ಮ ತೃಪ್ತಿಯಾಗಿ ಉಂಡು ಮಲಗಿದಳು.

ಮರುದಿನ ಮಗ ಕೆಲಸಕ್ಕೆ ಹೋದ, ಸೊಸೆ ಕ್ರೀಮು ಗೀಮು ತರಲು ಹೋದಳು. ಕಂಡಕ್ಟರಮ್ಮ ಸ್ಟೂಲು ಎಳೆದುಕೊಂಡು ಮುಂಬಾಗಿಲಿನ ಹತ್ತಿರ ಹೋದಳು. ಆ ಬಾಗಿಲಿಗೆ ಬೀಗವೇನೋ ಇತ್ತು, ಅದರ ಕೀ ಎಲ್ಲರ ಬಳಿಯೂ ಇತ್ತು. ಒಳಚಿಲಕ ಮುರಿದ ಜಾಗ ಹಾಗೇ ಖಾಲಿ ಬಿದ್ದಿತ್ತು. ಮಗನ ಸೋಮಾರಿತನದಿಂದ ಅವಳಿಗೆ ಜನ್ಮದಲ್ಲಿ ಮೊದಲ ಸಲ ಉಪಕಾರವಾಯಿತು. ಹಿತ್ತಾಳೆ ಚಿಲಕವನ್ನು ಅಲ್ಲಿ ಕೂರಿಸಿ, ಬಿಗಿಯಾಗಿ ತಿರುವಿ, ಬಾಗಿಲು ಮುಚ್ಚಿ ಹಾಕಿದಳು. ಚಿಲಕ ಚೌಕಟ್ಟಿನೊಳಗೆ ಇಳಿದ ಸದ್ದು ಕಿವಿಗೆ ಬಿದ್ದದ್ದೇ ಎದೆಯ ಮೇಲಿನ ಭಾರ ಇಳಿಯಿತು. ಹೋಗಿ ಮಂಚದ ಮೇಲೆ ಕೂತಳು.

ಸೊಸೆ ಬಂದಾಗ ಮೆಟ್ಟಿಲ ಮೇಲೆ ಇಬ್ಬರು ಗಿರಾಕಿಗಳ ದನಿಯೂ ಇತ್ತು. ಬೀಗದಲ್ಲಿ ಕೀ ತಿರುಗಿತು, ಬಾಗಿಲು ತೆರೆಯಲಿಲ್ಲ. ಇನ್ನೊಂದು ಸಲ ತಿರುಗಿತು. ಬಾಗಿಲು ಗಡಗಡ ಅಲ್ಲಾಡಿತು.

"ಅತ್ತೆ, ಬಾಗಿಲು ತೆಗೀರಿ."

"ಯಾರು?"

"ನಾನೇ. ಇನ್ಯಾರು ಬರ್ತಾರೆ?"

"ತಟ್ಟಬೇಕು ಕಣಮ್ಮ. ಇದು ನನ್ನ ರೂಮು."

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಸೊಸೆ ದನಿ ತಗ್ಗಿಸಿದಳು. "ಇದು ನಮ್ಮನೆ ಅತ್ತೆ."

"ಮನೆ ನಿಮ್ದೇ. ಯಾರು ಇಲ್ಲ ಅಂದ್ರು? ಆದ್ರೆ ಅದು ನನ್ನ ರೂಮಿನ ಆಚೆ ಕಡೆ ಇದೆ. ನನ್ನ ರೂಮು ದಾಟ್ಕೊಂಡು ಹೋಗೋರು ತಟ್ಟಿ ಬರ್ಲಿ. ನೀನೂ ಅಷ್ಟೇ, ನಿನ್ನ ಗಂಡನೂ ಅಷ್ಟೇ, ನಿನ್ನ ಗಿರಾಕೀನೂ ಅಷ್ಟೇ."

"ನಾವು ಇನ್ನೊಂದಿನ ಬರೋಣ್ವಾ?" ಅಂತ ಕೇಳಿದಳು ಒಬ್ಬಳು ಮೆಲ್ಲಗೆ.

"ಇಲ್ಲ ಇಲ್ಲ, ಒಂದ್ನಿಮಿಷ ಇರಿ." ಸೊಸೆ ಬಾಗಿಲಿಗೆ ಬಾಯಿ ಹತ್ತಿರ ತಂದು ಹಲ್ಲಿನ ಸಂದಿಯಿಂದ ಕೇಳಿದಳು. "ಬಾಗಿಲು ಹಾಕ್ಕೊಂಡು ಒಳಗೆ ಏನ್ ಮಾಡ್ತಿದೀರಾ ನೀವು?"

ಕಂಡಕ್ಟರಮ್ಮ ಸುತ್ತ ನೋಡಿದಳು. ಫ್ರಿಜ್ಜು, ಟಿವಿ, ಚಪ್ಪಲಿ ಗೂಡು. ಹತ್ತಿರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಡಿಯಲ್ಲಿ ಬಾಯಿಗೆ ಬಾರದ ಉತ್ತರ ಈಗ ತಾನಾಗಿ ಬಂತು.

"ಏನೂ ಮಾಡ್ತಿಲ್ಲ" ಅಂದಳು. "ಸುಮ್ನೆ ಕೂತಿದೀನಿ."

ಹೊರಗೆ ಕ್ರೀಮಿನ ಚೀಲ ಕೆಳಗಿಟ್ಟ ಸದ್ದಾಯಿತು. ಆಮೇಲೆ ಯಾರೋ ಬೆರಳ ಗೆಣ್ಣಿನಿಂದ ಬಾಗಿಲಿಗೆ ಎರಡು ಸಲ ಮೆತ್ತಗೆ ತಟ್ಟಿದರು. ಕಂಡಕ್ಟರಮ್ಮ ಹೊದಿಕೆ ಮಡಚಿಟ್ಟು, ಎದ್ದು ಹೋಗಿ ಚಿಲಕ ತೆಗೆದಳು.